ಕೂತಲ್ಲಿ ಕೂರದ ಮಕ್ಕಳು ಮತ್ತು ಲೆಕ್ಕದ ಮಾತ್ರೆ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಪರಿಚಯದವರ ಮನೆಗೆ ಹೋದಾಗ ಮೂರನೇ ತರಗತಿಯ ಹುಡುಗನ ಲೆಕ್ಕದ ನೋಟ್‌ಬುಕ್ ಕೈಗೆ ಸಿಕ್ಕಿತು. ಮೊದಲ ಎರಡು ಲೆಕ್ಕ ಮುತ್ತಿನಂಥ ಅಂಕಿಗಳಲ್ಲಿದ್ದವು. ಮೂರನೆಯದರಲ್ಲಿ ಕೈಯಲ್ಲಿ ಉಳಿದ ಒಂದನ್ನು ಕೂಡಿಸುವುದು ಮರೆತಿದೆ. ನಾಲ್ಕನೆಯದು ಅರ್ಧಕ್ಕೇ ನಿಂತು, ಕೆಳಗೊಂದು ಲಾರಿ ಚಿತ್ರ ಶುರುವಾಗಿದೆ; ಅದಕ್ಕೂ ಹಿಂದಿನ ಗಾಲಿ ಇಲ್ಲ. ಅಂಚಿನಲ್ಲಿ ಕೆಂಪು ಶಾಯಿ: ‘ಗಮನ ಇಲ್ಲ.’ ಅದೇ ಲೆಕ್ಕವನ್ನು ಬಾಯಲ್ಲಿ ಕೇಳಿದರೆ ಸರಿಯುತ್ತರ ಹೇಳಿದ, ಹೇಳುತ್ತಲೇ ಬಾಗಿಲಾಚೆ ಓಡಿದ. ಜೀನ್ಸ್ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತ ಕೂತಿದ್ದ ತಾಯಿ ನನ್ನನ್ನು ಕೇಳಿದರು: “ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಯಾನ್ರಿ. ತಾಯತ ಕಟ್ಟಿಸಿದ್ವಿ, ಹೊಡೆದ್ವಿ, ಬೈದ್ವಿ. ಇದು ಕಾಯಿಲೇನ್ರಿ?”

ಈ ಪ್ರಶ್ನೆಗೆ ಇನ್ನೂರು ವರ್ಷ ದಾಟಿದೆ. ಮನಸ್ಸು ಒಂದು ಕಡೆ ನಿಲ್ಲದಿರುವುದನ್ನು ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲೇ ವಿವರವಾಗಿ ಬರೆದಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟು, ಅದನ್ನು ‘ನೈತಿಕ ಹತೋಟಿಯ ದೋಷ’ ಎಂದರು. ಒಂದನೇ ಮಹಾಯುದ್ಧದ ಹೊತ್ತಿಗೆ ಹಬ್ಬಿದ ಮಿದುಳಿನ ಉರಿಯೂತದಿಂದ ಬದುಕುಳಿದ ಎಷ್ಟೋ ಮಕ್ಕಳು ಹೀಗೇ ಚಡಪಡಿಸತೊಡಗಿದಾಗ, ಬೊಟ್ಟು ನಡತೆಯಿಂದ ಮಿದುಳಿನ ಕಡೆ ತಿರುಗಿತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1968ರಲ್ಲಿ ಒಂದು ಹೆಸರು, 1980ರಲ್ಲಿ ಇನ್ನೊಂದು, 1987ರಲ್ಲಿ ಈಗಿನ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದೆ ಅತಿಯಾಗಿ ಚಡಪಡಿಸುವ ತೊಂದರೆ. ಹೆಸರು ಇಷ್ಟು ಸಲ ಬದಲಾಗಿದ್ದನ್ನೇ ಹಿಡಿದು ‘ಇದೆಲ್ಲ ಕಟ್ಟುಕತೆ’ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ಟಿಲ್ ಬಣ್ಣಿಸಿದ ಮಗುವನ್ನು ನಮ್ಮ ಯಾವ ಶಾಲೆಯ ಮೇಷ್ಟ್ರಾದರೂ ಗುರುತು ಹಿಡಿದಾರು.

ಔಷಧಿ ಸಿಕ್ಕಿದ್ದು ಮಾತ್ರ ಆಕಸ್ಮಿಕ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ವೈದ್ಯ ಚಾರ್ಲ್ಸ್ ಬ್ರಾಡ್ಲಿ, ಬೆನ್ನುಹುರಿಯ ದ್ರವ ತೆಗೆದು ಮಾಡುವ ಪರೀಕ್ಷೆಯಿಂದ ತಲೆನೋವು ಬಂದ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟರು. ತಲೆನೋವು ಹೋಗಲಿಲ್ಲ. ಆದರೆ 30 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪಾಠದಲ್ಲಿ ಮನಸ್ಸಿಟ್ಟು ಕೂತರು. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಅಂತ ಹೆಸರಿಟ್ಟರು. ಮುಂದೆ ಬಂದ ಮಿಥೈಲ್‌ಫೆನಿಡೇಟ್ ಇವತ್ತಿಗೂ ಬಳಕೆಯಲ್ಲಿದೆ. ಹಸಿವು, ನಿದ್ದೆ ಎರಡನ್ನೂ ಕುಗ್ಗಿಸುವ ಔಷಧಿ ಅದು. ನಮ್ಮಲ್ಲಿ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಕೆಮ್ಮಿನ ಔಷಧಿ ಕೊಂಡಂತೆ ಅಂಗಡಿಗೆ ಹೋಗಿ ಕೊಳ್ಳುವಂಥದ್ದಲ್ಲ.

1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 579 ಮಕ್ಕಳನ್ನು 14 ತಿಂಗಳು ಗಮನಿಸಿತ್ತು. ಚಡಪಡಿಕೆ ತಗ್ಗಿಸುವುದರಲ್ಲಿ ಬರೀ ನಡವಳಿಕೆ ತರಬೇತಿಗಿಂತ ಜಾಗರೂಕವಾಗಿ ಕೊಟ್ಟ ಮಾತ್ರೆಯೇ ಮುಂದಿತ್ತು. ಮೂರು ವರ್ಷಕ್ಕೆ ನೋಡಿದಾಗ ಆ ಅಂತರ ಉಳಿದಿರಲಿಲ್ಲ. ಮಾತ್ರೆ ವಿಷ ಅನ್ನುವವರೂ, ಮಾತ್ರೆಯೊಂದೇ ಸಾಕು ಅನ್ನುವವರೂ ಈ ಫಲಿತಾಂಶವನ್ನು ಪೂರ್ತಿ ಓದಬೇಕು.

ಕಾಯಿಲೆ ಅಲ್ಲದ್ದಕ್ಕೂ ಆ ಹೆಸರು ಅಂಟುವ ಭಯ ಸುಳ್ಳಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು 2012ರಲ್ಲಿ ನೋಡಿದಾಗ, ಡಿಸೆಂಬರ್‌ನಲ್ಲಿ ಹುಟ್ಟಿ ತರಗತಿಗೆ ಎಲ್ಲರಿಗಿಂತ ಚಿಕ್ಕವರಾಗಿದ್ದ ಹುಡುಗರಿಗೆ ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ 30ರಷ್ಟು ಹೆಚ್ಚಾಗಿ ಈ ಹೆಸರು ಬಿದ್ದಿತ್ತು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಕಡೆಯ ಜೂನ್ 1. ದಾಖಲಾತಿಗೆಂದು ಮೇಷ್ಟ್ರು ಬರೆದುಕೊಂಡ ಆ ಹುಟ್ಟಿದ ದಿನವನ್ನು ನನ್ನ ಓರಗೆಯ ಎಷ್ಟು ಜನ ಹೊತ್ತಿದ್ದಾರೆ! ಐದು ತುಂಬುವ ಮೊದಲೇ ಬೆಂಚಿಗೆ ಬಂದ ಕೂಸು ಚಡಪಡಿಸಿದರೆ ಅದು ರೋಗವಲ್ಲ, ವಯಸ್ಸು. ಆದ್ದರಿಂದಲೇ ವೈದ್ಯರ ನಿಯಮ ಬಿಗಿಯಾಗಿದೆ: ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಹನ್ನೆರಡು ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಶಾಲೆಯಲ್ಲೂ ಮನೆಯಲ್ಲೂ ಕಾಣಬೇಕು, ಮಗುವಿನ ಬದುಕಿಗೆ ತೊಡಕಾಗಿರಬೇಕು. ಕಿವಿ, ಕಣ್ಣು, ನಿದ್ದೆ ಸರಿಯಿದೆಯೇ ಎಂದು ನೋಡುವುದು ಅದಕ್ಕೂ ಮೊದಲು.

ಇಲ್ಲಿ ಬಳ್ಳಾರಿಯ ಮಾತು ಹೇಳಲೇಬೇಕು. 1985ರ ಸುಮಾರಿಗೆ ನಿಮ್ಹಾನ್ಸ್, ಮಾನಸಿಕ ಕಾಯಿಲೆಗೆ ಊರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದ್ದು ಈ ಜಿಲ್ಲೆಯಲ್ಲಿ. ಆ ‘ಬಳ್ಳಾರಿ ಮಾದರಿ’ಯನ್ನೇ 1996ರಿಂದ ದೇಶ ಅನುಸರಿಸಿತು. ಆದರೆ ಆಗ ಒತ್ತು ಇದ್ದದ್ದು ತೀವ್ರ ಮನೋರೋಗ, ಮೂರ್ಛೆ ರೋಗಗಳ ಮೇಲೆ. ಕೂತಲ್ಲಿ ಕೂರದ ಮಗು ಸರ್ಕಾರದ ಪಟ್ಟಿಗೆ ಹೆಸರಿನೊಂದಿಗೆ ಬಂದಿದ್ದು 2013ರಲ್ಲಿ, ಶಾಲೆ-ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳಲ್ಲಿ ಒಂದಾಗಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಇದೆ, ಇದರ ಹೆಸರಿಲ್ಲ.

ಹಾಗಾಗಿ ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಕಾಯಿಲೆ ಇರಬಹುದು, ಇಲ್ಲದೆಯೂ ಇರಬಹುದು, ಅದನ್ನು ತಿಳಿಯುವ ದಾರಿ ಇದೆ, ಅಲ್ಲಿಯವರೆಗೆ ಹೊಡೆಯುವುದು ನಿಲ್ಲಿಸಿ. ಅವರು ಮಗನನ್ನು ಆಸ್ಪತ್ರೆಗೆ ಕರೆದೊಯ್ದರು. ಕಿವಿ ಸರಿಯಿದೆಯಂತೆ. ಮೇಷ್ಟ್ರಿಂದ ತುಂಬಿಸಿಕೊಂಡು ಬನ್ನಿ ಎಂದು ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟಿದ್ದಾರೆ. ಹೋದ ವಾರ ನೋಡಿದಾಗ ಅದು ಮಡಿಚಿದಂತೆಯೇ ಜೀನ್ಸ್ ಗಂಟಿನ ಮೇಲಿತ್ತು. “ನಾಳೆ ದುಡಿಮೆ ಬಿಟ್ಟು ನಾನೇ ಶಾಲೆಗೆ ಹೋಗ್ತೀನ್ರಿ” ಅಂದರು.