ರೀಫರ್ ಟ್ರೇಲರ್: ಉದ್ದಕ್ಕಿಂತ ಆಕ್ಸಲಿನ ಜಾಗ ಮುಖ್ಯ

ಅಮೆರಿಕದಲ್ಲಿ ಹಣ್ಣು, ತರಕಾರಿ, ಮಾಂಸ, ಐಸ್‌ಕ್ರೀಮ್‌ಗಳನ್ನು ಸಾವಿರಾರು ಮೈಲಿ ಸಾಗಿಸುವ ಶೀತಲ ಟ್ರೇಲರನ್ನು ರೀಫರ್ ಎನ್ನುತ್ತಾರೆ. ಸ್ವಂತ ಲಾರಿಯೊಂದಿಗೆ ಈ ಕಸುಬಿಗೆ ಇಳಿಯುವವರು ಮೊದಲು ವಿಚಾರಿಸುವುದು ಟ್ರೇಲರಿನ ಉದ್ದವನ್ನು. ಆದರೆ ನಿಜವಾಗಿ ಯೋಚಿಸಬೇಕಾದದ್ದು ಅದರ ಅಡಿಯಲ್ಲಿರುವ ಎರಡು ಆಕ್ಸಲುಗಳು, ಅಂದರೆ ಚಕ್ರಗಳನ್ನು ಹೊರುವ ಅಡ್ಡ ಅಚ್ಚುಗಳು, ಎಲ್ಲಿ ಕೂರುತ್ತವೆ ಎಂಬುದನ್ನು.

ಉದ್ದದ ವಿಷಯ ಬಹುಮಟ್ಟಿಗೆ ತೀರ್ಮಾನವಾಗಿಹೋಗಿದೆ. 1982ರ ಫೆಡರಲ್ ಕಾನೂನು ಮುಖ್ಯ ಹೆದ್ದಾರಿಗಳಲ್ಲಿ 48 ಅಡಿಯ ಟ್ರೇಲರಿಗೆ ಎಲ್ಲ ರಾಜ್ಯಗಳೂ ದಾರಿ ಬಿಡುವಂತೆ ಮಾಡಿತು. ಇಂದು ದೂರದ ಸಾಗಣೆಯಲ್ಲಿ 53 ಅಡಿಯದೇ ರೂಢಿ. ಸರಕು ಪೇರಿಸುವ ಹಲಗೆಮಣೆಯಾದ ಪ್ಯಾಲೆಟ್ ಅಲ್ಲಿ ಸಾಮಾನ್ಯವಾಗಿ 48 ಅಂಗುಲ ಉದ್ದ, 40 ಅಂಗುಲ ಅಗಲ ಇರುತ್ತದೆ. ಎರಡು ಸಾಲಿನಲ್ಲಿ ಹದಿಮೂರರಂತೆ 26 ಪ್ಯಾಲೆಟ್ ಇಟ್ಟರೆ 52 ಅಡಿ ತುಂಬುತ್ತದೆ. ಸರಕು ಕಳುಹಿಸುವವರು ಈ ಲೆಕ್ಕದಲ್ಲೇ ಮಾತನಾಡುವುದರಿಂದ, ಇಕ್ಕಟ್ಟಾದ ನಗರಗಳ ಅಂಗಡಿಗಳಿಗೆ ಮಾತ್ರ ಸರಬರಾಜು ಮಾಡುವವರನ್ನು ಬಿಟ್ಟರೆ ಉಳಿದವರು ಚಿಕ್ಕ ಟ್ರೇಲರ್ ಕೊಂಡು ಕೆಲಸ ಕಳೆದುಕೊಳ್ಳುವುದು ಸರಿಯಲ್ಲ.

ತೂಕದ ವಿಷಯ ಹಾಗಲ್ಲ. ಅಂತರರಾಜ್ಯ ಹೆದ್ದಾರಿಯಲ್ಲಿ ಲಾರಿ, ಟ್ರೇಲರ್, ಸರಕು ಎಲ್ಲ ಸೇರಿ 80,000 ಪೌಂಡ್, ಅಂದರೆ ಸುಮಾರು 36,300 ಕಿಲೋ ಮೀರುವಂತಿಲ್ಲ. ಇದರೊಳಗೆ ಇನ್ನೊಂದು ಕಟ್ಟುಪಾಡು ಇದೆ. ಒಂಟಿ ಆಕ್ಸಲಿಗೆ 20,000 ಪೌಂಡ್, ಹತ್ತಿರ ಹತ್ತಿರ ಇರುವ ಜೋಡಿ ಆಕ್ಸಲಿಗೆ, ಅಂದರೆ ಟ್ಯಾಂಡಮ್‌ಗೆ, 34,000 ಪೌಂಡ್ ಮಿತಿ. ಜೋಡಿಗೆ 40,000 ಏಕಿಲ್ಲ ಎಂದರೆ, ಭಾರ ಒಂದೇ ಕಡೆ ಕೇಂದ್ರೀಕರಿಸಿದಷ್ಟೂ ಸೇತುವೆಯ ತೊಲೆ ಹೆಚ್ಚು ಬಾಗುತ್ತದೆ. 1974ರ ಕಾನೂನಿನೊಂದಿಗೆ ಬಂದ ಸೇತುವೆ ಸೂತ್ರ ಈ ತತ್ತ್ವವನ್ನೇ ಅಂಕಿಗಳಲ್ಲಿ ಹೇಳುತ್ತದೆ: ಎರಡು ಆಕ್ಸಲುಗಳ ನಡುವೆ 4 ಅಡಿ ಇದ್ದರೆ 34,000 ಪೌಂಡ್, 10 ಅಡಿ ಇದ್ದರೆ 40,000. ಆಕ್ಸಲುಗಳನ್ನು ಹತ್ತು ಅಡಿಗಿಂತ ತುಸು ಹೆಚ್ಚು ಅಂತರದಲ್ಲಿ ಕೂರಿಸಿದ 'ಸ್ಪ್ರೆಡ್' ಟ್ರೇಲರಿಗೆ ಸಿಗುವ ಲಾಭ ಇದೇ.

ಸ್ಪ್ರೆಡ್‌ನಿಂದ ಒಟ್ಟು ಮಿತಿಯೇನೂ ಹೆಚ್ಚುವುದಿಲ್ಲ ಎಂಬುದನ್ನು ಮರೆಯಬಾರದು. ಟ್ಯಾಂಡಮ್ ಇರುವಾಗ ಮುಂದಿನ ಚಕ್ರಗಳ ಮೇಲೆ 12,000, ಲಾರಿಯ ಹಿಂದಿನ ಜೋಡಿಯ ಮೇಲೆ 34,000, ಟ್ರೇಲರಿನ ಜೋಡಿಯ ಮೇಲೆ 34,000 ಎಂದು ಕೂಡಿದರೆ ಸರಿಯಾಗಿ 80,000. ಎಲ್ಲೂ ಎಡವಲು ಆಸ್ಪದವಿಲ್ಲ. ಸ್ಪ್ರೆಡ್ ಕೊಡುವುದು ಹಂಚಿಕೆಯಲ್ಲಿ 6,000 ಪೌಂಡಿನ ಸಡಿಲವನ್ನು ಮಾತ್ರ.

ಟ್ಯಾಂಡಮ್ ಇದೇ ಸಡಿಲವನ್ನು ಜಾರುವ ಮೂಲಕ, ಅಂದರೆ ಟ್ರೇಲರಿನ ಅಡಿಯಲ್ಲಿ ಹಿಂದೆ ಮುಂದೆ ಸರಿಯುವ ಮೂಲಕ, ಪಡೆಯುತ್ತದೆ. ಟ್ರೇಲರ್ ಎಂಬುದು ಮುಂದೆ ಲಾರಿಗೆ ಕೊಂಡಿಯಾಗುವ ಗೂಟ, ಅಂದರೆ ಕಿಂಗ್‌ಪಿನ್, ಹಿಂದೆ ಆಕ್ಸಲು, ಎರಡೂ ಕಡೆ ಆಧಾರವಿರುವ ತೊಲೆ. ಸರಕು ಸಮವಾಗಿ ತುಂಬಿದ್ದರೆ ಅದರ ಭಾರಕೇಂದ್ರ ಕಿಂಗ್‌ಪಿನ್ನಿಂದ ಸುಮಾರು 23.5 ಅಡಿ ಹಿಂದಿರುತ್ತದೆ. ಆಕ್ಸಲುಗಳ ನಡುಬಿಂದು 44 ಅಡಿ ದೂರದಲ್ಲಿದ್ದರೆ ಸರಕಿನ ಶೇ. 53ರಷ್ಟು ಭಾರ ಟ್ರೇಲರಿನ ಚಕ್ರಗಳ ಮೇಲೆ ಬೀಳುತ್ತದೆ; 38 ಅಡಿಗೆ ಮುಂದೆ ಸರಿಸಿದರೆ ಶೇ. 62ರಷ್ಟು. ಕ್ಯಾಲಿಫೋರ್ನಿಯದ ನಿಯಮದಂತೆ ಕಿಂಗ್‌ಪಿನ್ನಿಂದ ಕಟ್ಟಕಡೆಯ ಆಕ್ಸಲಿಗೆ 40 ಅಡಿಗಿಂತ ಹೆಚ್ಚು ಅಂತರ ಇರಬಾರದು, ಆದ್ದರಿಂದ ಅಲ್ಲಿ ಸುಮಾರು ಈ 38 ಅಡಿಯೇ ಗತಿ. ಹಿಂಭಾಗದಲ್ಲಿ ಆಕ್ಸಲುಗಳನ್ನು ಸ್ಥಿರವಾಗಿ ಕೂರಿಸಿದ 53 ಅಡಿಯ ಸ್ಪ್ರೆಡ್ ಈ ಮಿತಿಯನ್ನು ಮೀರುತ್ತದೆ. ಆ ರಾಜ್ಯದ ಸಾಲಿನಾಸ್ ಕಣಿವೆಯ ಲೆಟಿಸ್ ಸೊಪ್ಪು ಹೇರಲು ಹೋಗುವವರಿಗೆ ಸ್ಪ್ರೆಡ್ ಬೇಡವೆನ್ನಲು ಇದೊಂದೇ ಕಾರಣ ಸಾಕು.

ರೀಫರಿನಲ್ಲಿ ಈ ತೊಡಕು ಇನ್ನೂ ಬಿಗಿ. ಶೀತಲ ಯಂತ್ರ ಟ್ರೇಲರಿನ ಮೂಗಿನಲ್ಲೇ, ಅಂದರೆ ಮುಂತುದಿಯಲ್ಲೇ, ತೂಗುಬಿದ್ದಿರುವುದರಿಂದ ಕಿಂಗ್‌ಪಿನ್ ಕಡೆ ಖಾಲಿ ಇರುವಾಗಲೇ ಭಾರ. ತಣ್ಣನೆಯ ಗಾಳಿ ಛಾವಣಿಯಗುಂಟ ಹಿಂದಕ್ಕೆ ಹೋಗಿ ನೆಲದ ಉದ್ದನೆಯ ತೋಡುಗಳಲ್ಲಿ ಮುಂದಕ್ಕೆ ಮರಳಬೇಕು, ಆ ದಾರಿ ಮುಚ್ಚಿದರೆ ಸರಕು ಕೆಡುತ್ತದೆ. ಹೀಗಾಗಿ ತೂಕ ಸರಿಹೊಂದಿಸಲು ಪ್ಯಾಲೆಟ್‌ಗಳನ್ನು ಮನಬಂದಂತೆ ಒತ್ತರಿಸುವಂತಿಲ್ಲ. ಹಲವು ಕಡೆ ಇಳಿಸುವ ಸರಕಾದರೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಮೊದಲು ಖಾಲಿಯಾಗುವುದು ಬಾಗಿಲ ಬಳಿಯ ಭಾಗ. ಆಕ್ಸಲಿನ ಹಿಂದೆ ಇದ್ದ ಆ ಪ್ಯಾಲೆಟ್‌ಗಳು ಅಲ್ಲಿಯವರೆಗೆ ಮೂಗನ್ನು ತುಸು ಎತ್ತಿ ಹಿಡಿದಿರುತ್ತವೆ. ಅವು ಇಳಿದೊಡನೆ ಒಟ್ಟು ತೂಕ ಕಡಿಮೆಯಾದರೂ ಲಾರಿಯ ಹಿಂಚಕ್ರಗಳ ಮೇಲಿನ ಭಾರ ಹೆಚ್ಚುತ್ತದೆ. ಬೆಳಿಗ್ಗೆ ನಿಯಮದೊಳಗಿದ್ದ ಲಾರಿ ಮಧ್ಯಾಹ್ನದ ತೂಕದ ಕಟ್ಟೆಯಲ್ಲಿ ದಂಡ ತೆರುವುದು ಹೀಗೆ.

ಸ್ಪ್ರೆಡ್‌ಗೆ ತಿರುವುಗಳಲ್ಲೂ ಬೆಲೆ ತೆರಬೇಕು. ಟ್ರೇಲರ್ ತಿರುಗುವಾಗ ಎರಡು ಆಕ್ಸಲುಗಳ ನಡುವಿನ ಬಿಂದು ಮಾತ್ರ ಸರಿಯಾಗಿ ಉರುಳುತ್ತದೆ. ಅದರ ಮುಂದೆ ಐದು ಅಡಿ, ಹಿಂದೆ ಐದು ಅಡಿ ದೂರದಲ್ಲಿರುವ ಟೈರುಗಳು ವಿರುದ್ಧ ದಿಕ್ಕುಗಳಿಗೆ ಅಡ್ಡಡ್ಡ ಉಜ್ಜಿಕೊಂಡು ಸವೆಯುತ್ತವೆ. ಟ್ಯಾಂಡಮ್‌ನಲ್ಲಿ ಆ ಅಂತರ ಎರಡೆರಡೇ ಅಡಿ.

ಮಾಂಸ, ಪಾನೀಯಗಳಂಥ ಭಾರದ ಸರಕನ್ನು ಒಂದೇ ಹೆದ್ದಾರಿಯಲ್ಲಿ ಗೋದಾಮಿನಿಂದ ಗೋದಾಮಿಗೆ, ಕ್ಯಾಲಿಫೋರ್ನಿಯದ ಹೊರಗೆ, ವರ್ಷವಿಡೀ ಸಾಗಿಸುವ ಒಪ್ಪಂದ ಕೈಯಲ್ಲಿದ್ದರೆ ಸ್ಪ್ರೆಡ್ ಕೊಳ್ಳುವುದು ಜಾಣತನ. ಸಿಕ್ಕ ಸರಕನ್ನು ಸಿಕ್ಕ ಊರಿಗೆ ಒಯ್ಯುವವರಿಗೆ ಜಾರುವ ಟ್ಯಾಂಡಮ್ ಇರುವ 53 ಅಡಿಯ ಟ್ರೇಲರನ್ನೇ ನಾನು ಸೂಚಿಸುತ್ತೇನೆ. ಕೊಳ್ಳುವ ಮುನ್ನ ಅದರ ಖಾಲಿ ತೂಕವನ್ನು ಯಂತ್ರ ಮತ್ತು ತುಂಬಿದ ಡೀಸೆಲ್ ಟ್ಯಾಂಕ್ ಸಮೇತ ಕಟ್ಟೆಯ ಮೇಲೆ ತೂಗಿಸಿ, ಒಂದೊಂದು ಆಕ್ಸಲ್ ಗುಂಪಿನ ಅಂಕಿಯನ್ನೂ ಬರೆದುಕೊಳ್ಳಬೇಕು.