ಕಾರಿನ ಬ್ಯಾಡ್ಜ್ ತೆಗೆಯುವಾಗ ಬಣ್ಣ ಉಳಿಸಿಕೊಳ್ಳುವ ಬಗೆ

ಕಾರಿನ ಹಿಂಬದಿಯಲ್ಲಿ ಕಾಣುವ ಮಾದರಿಯ ಹೆಸರು, ಎಂಜಿನ್ನಿನ ಬಗೆಯನ್ನು ಸೂಚಿಸುವ ಅಕ್ಷರಗಳು, ತಯಾರಕರ ಲಾಂಛನ ಇವುಗಳಲ್ಲಿ ಬಹುಪಾಲು ನಿಂತಿರುವುದು ಸುಮಾರು 1 ಮಿಲಿಮೀಟರ್ ದಪ್ಪದ, ಎರಡೂ ಬದಿಗೆ ಅಂಟಿರುವ ಅಕ್ರಿಲಿಕ್ ಫೋಮ್ ಟೇಪಿನ ಮೇಲೆ. ಅದರ ಕೆಳಗಿನ ಬಣ್ಣ ಇದಕ್ಕಿಂತ ಬಹಳ ತೆಳು. ಕಾರ್ಖಾನೆಯಲ್ಲಿ ಬಳಿದ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ಇರುತ್ತದೆ. ನಾವು ಬರೆಯಲು ಬಳಸುವ ಹಾಳೆಯ ದಪ್ಪಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್. ಈ ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ವಿಧಾನದ ಅರ್ಧ ಭಾಗ ತಾನಾಗಿಯೇ ಹೊಳೆಯುತ್ತದೆ: ನಮಗೆ ಕೈಯಾಡಿಸಲು ಫೋಮಿನೊಳಗೆ ಒಂದು ಮಿಲಿಮೀಟರ್ ಜಾಗವಿದೆ, ಆದ್ದರಿಂದ ಬಣ್ಣದ ಮೈಗೆ ಉಪಕರಣ ತಾಗಿಸುವ ಅಗತ್ಯವೇ ಬೀಳುವುದಿಲ್ಲ.

ಬ್ಯಾಡ್ಜನ್ನು ಒಮ್ಮೆಲೇ ಜಗ್ಗಿದರೆ ಅದೇಕೆ ಬರುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಅಕ್ರಿಲಿಕ್ ಅಂಟು ಭಾಗಶಃ ದ್ರವದಂತೆಯೂ ಭಾಗಶಃ ರಬ್ಬರಿನಂತೆಯೂ ವರ್ತಿಸುವ ವಸ್ತು. ಥಟ್ಟನೆ ಎಳೆದಾಗ ಅದು ಗಟ್ಟಿಯಾಗಿ ಎದುರು ನಿಲ್ಲುತ್ತದೆ, ನಿಧಾನವಾಗಿ ಒಂದೇ ಸಮನೆ ಒತ್ತಡ ಹಾಕಿದಾಗ ಸಡಿಲುತ್ತದೆ. ಬಿಸಿಯಾದರೆ ಇನ್ನಷ್ಟು ಮೆತ್ತಗಾಗುತ್ತದೆ, ಚಳಿಯಲ್ಲಿ ಬಿಗಿಯುತ್ತದೆ. ನೇರವಾಗಿ ಹೊರಕ್ಕೆ ಎಳೆಯುವಾಗ ಬಲವು ಟೇಪಿನ ಇಡೀ ವಿಸ್ತೀರ್ಣಕ್ಕೆ ಹಂಚಿಹೋಗುತ್ತದೆ. ಅಂಚಿನಿಂದ ಬಿಡಿಸಿದರೆ ಅಥವಾ ಕತ್ತರಿಸಿದರೆ ಅದೇ ಬಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ. ಬಿಸಿ, ನಿಧಾನ, ಅಂಚು ಈ ಮೂರೂ ಒಟ್ಟಿಗೆ ಬೇಕು. ಸ್ಕ್ರೂಡ್ರೈವರಿನಿಂದ ಮೀಟುವವರು ಮೂರನ್ನೂ ಬಿಟ್ಟಿರುತ್ತಾರೆ, ಜೊತೆಗೆ ಆ ತುದಿಯು ಆಧಾರಕ್ಕೆ ಊರುವುದು ಕ್ಲಿಯರ್ ಕೋಟಿನ ಮೇಲೆಯೇ.

ಕೈಹಾಕುವ ಮೊದಲು ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಕೆಲವು ಲಾಂಛನಗಳಿಗೆ ಹಿಂದೆ ಪಿನ್ನುಗಳಿದ್ದು, ಅವು ತಗಡಿನ ರಂಧ್ರಗಳಲ್ಲಿ ಕೂತಿರುತ್ತವೆ. ಡಿಕ್ಕಿಯ ಒಳಬದಿಯ ಹೊದಿಕೆ ತೆಗೆದು ನೋಡಿದರೆ ಇದು ತಿಳಿಯುತ್ತದೆ. ಪಿನ್ನುಗಳಿದ್ದರೆ, ರಂಧ್ರ ಮುಚ್ಚಿ ಹೊಸದಾಗಿ ಬಣ್ಣ ಬಳಿಸುವ ಸಿದ್ಧತೆ ಇಲ್ಲದೆ ಅದನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಹೊಸ ಕಾರುಗಳಲ್ಲಿ ಮುಂಭಾಗದ ಲಾಂಛನದ ಹಿಂದೆ ರೇಡಾರ್ ಅಥವಾ ಕ್ಯಾಮೆರಾ ಅಡಗಿರುವುದುಂಟು. ಅಂಥದ್ದನ್ನು ಹಾಗೆಯೇ ಬಿಡಬೇಕು. ಕೊನೆಯದಾಗಿ, ಆ ಭಾಗಕ್ಕೆ ನಂತರ ಬಣ್ಣ ಬಳಿಸಲಾಗಿದೆಯೇ ಎಂದು ವಿಚಾರಿಸಬೇಕು. ಕಾರ್ಖಾನೆಯ ಬಣ್ಣವನ್ನು ದೊಡ್ಡ ಒಲೆಯಲ್ಲಿ ಬೇಯಿಸಿ ಗಟ್ಟಿಮಾಡಿರುತ್ತಾರೆ. ಮರುಬಣ್ಣದ ಹಿಡಿತ ಅಷ್ಟು ಭದ್ರವಾಗಿರದೆ ಟೇಪಿನೊಂದಿಗೇ ಎದ್ದುಬರಬಹುದು.

ಮೊದಲು ಆ ಜಾಗವನ್ನು ಶಾಂಪೂ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಅಕ್ಷರಗಳ ಸಂದಿಯಲ್ಲಿ ಕೂತ ಮರಳು ಕಣಗಳು, ಮುಂದೆ ಫೋಮ್ ಕತ್ತರಿಸಲು ಬಳಸುವ ದಾರದೊಂದಿಗೆ ಉಜ್ಜಿದಾಗ, ಮರಳುಕಾಗದದ ಕೆಲಸ ಮಾಡುತ್ತವೆ. ಗೀರುಗಳ ದೂರುಗಳಲ್ಲಿ ಹಲವಕ್ಕೆ ಕಾರಣ ದಾರವಲ್ಲ, ಈ ಧೂಳು. ಬ್ಯಾಡ್ಜನ್ನು ಮತ್ತೆ ಅಂಟಿಸುವ ಯೋಚನೆಯಿದ್ದರೆ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ ಸ್ಥಾನ ಗುರುತಿಸಿಕೊಳ್ಳಬಹುದು, ಅದು ಅಂಚಿನ ರಕ್ಷಣೆಗೂ ಆಗುತ್ತದೆ. ಬಿಸಿಗೆ ಕೂದಲು ಒಣಗಿಸುವ ಹೇರ್ ಡ್ರೈಯರ್ ಸಾಕು. ಅದನ್ನು ಒಂದೇ ಕಡೆ ನಿಲ್ಲಿಸದೆ ಒಂದೆರಡು ನಿಮಿಷ ಆಡಿಸುತ್ತಿದ್ದರೆ, ಮೇಲ್ಮೈ ಮುಟ್ಟಲು ಚುರುಕೆನ್ನುವಷ್ಟು, ಆದರೆ ಬೆರಳು ಕ್ಷಣಕಾಲ ತಾಳುವಷ್ಟು ಬಿಸಿಯಾಗುತ್ತದೆ. ಹೀಟ್ ಗನ್ನಿನ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಕಲಿಯುವ ಹಂತದಲ್ಲಿ, ಅದರಲ್ಲೂ ಪ್ಲಾಸ್ಟಿಕ್ ಬಂಪರಿನ ಮೇಲೆ, ಅದನ್ನು ದೂರವಿಡುವುದೇ ಒಳಿತು.

ಈಗ ದಾರ. ಗಾಳದ ನೈಲಾನ್ ದಾರ ಅಥವಾ ಡೆಂಟಲ್ ಫ್ಲಾಸ್ ಯಾವುದಾದರೂ ಆದೀತು. ಫ್ಲಾಸ್ ಬೇಗ ತುಂಡಾಗುವುದರಿಂದ ಉದ್ದನೆಯ ಬ್ಯಾಡ್ಜಿಗೆ ನಾನು ಗಾಳದ ದಾರವನ್ನೇ ಆರಿಸುತ್ತೇನೆ. ಕೈಗೆ ಕುಯ್ಯದಂತೆ ಎರಡೂ ತುದಿಗಳನ್ನು ಸಣ್ಣ ಕೋಲುಗಳಿಗೆ ಸುತ್ತಿ, ಮೇಲಂಚಿನಿಂದ ಒಳಕ್ಕೆ ಇಳಿಸಿ, ಗರಗಸದಂತೆ ಎಡಕ್ಕೂ ಬಲಕ್ಕೂ ಎಳೆಯುತ್ತಾ ಕೆಳಗೆ ಬರಬೇಕು. ಇಲ್ಲಿ ಮುಖ್ಯವಾದ ಸೂಕ್ಷ್ಮವೆಂದರೆ, ದಾರ ಬಣ್ಣದ ಕಡೆಗೆ ಒತ್ತದೆ ಬ್ಯಾಡ್ಜಿನ ಬೆನ್ನಿಗೆ ಒತ್ತಿಕೊಂಡೇ ಸಾಗಬೇಕು. ಇದಕ್ಕಾಗಿ ಎರಡೂ ಕೈಗಳನ್ನು ಕಾರಿನ ಮೈಯಿಂದ ತುಸು ಹೊರಕ್ಕೆ ಹಿಡಿದಿರಬೇಕು. ಫೋಮ್ ಕತ್ತರಿಸಿ ಕಾರಿನ ಮೇಲೆ ಉಳಿದರೆ ಗಾಬರಿ ಬೇಡ, ಆಗಬೇಕಾದದ್ದೇ ಅದು. ದಾರ ಸಿಕ್ಕಿಕೊಂಡರೆ ಜೋರು ಮಾಡದೆ ಮತ್ತೆ ಬಿಸಿ ಕೊಡಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಕೊನೆಯ ಅಕ್ಷರವೊಂದನ್ನು ಆತುರದಿಂದ ಕಿತ್ತಾಗ ಅದು ಎರಡು ತುಂಡಾಯಿತು. ಬಣ್ಣ ಉಳಿದದ್ದು ಅದೃಷ್ಟ.

ಉಳಿದ ಫೋಮನ್ನು ಮತ್ತೆ ಬಿಸಿ ಮಾಡಿ, ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ ಸುರುಳಿ ಸುರುಳಿಯಾಗಿ ಕಳಚುತ್ತದೆ. ಇದು ಬೇಸರದ ಕೆಲಸವೇ, ಆದರೂ ಬ್ಲೇಡಿಗೆ ಕೈಹಾಕುವಂತಿಲ್ಲ. ಕೊನೆಯ ಜಿಗುಟಿಗೆ ಅಂಟು ಬಿಡಿಸಲೆಂದೇ ಮಾಡಿದ ದ್ರಾವಣವನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ಜಾಗದ ಮೇಲೆ ಕೆಲವು ನಿಮಿಷ ಒತ್ತಿಟ್ಟು ಒರೆಸಬೇಕು. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸುವುದು ಕ್ಷೇಮ. ಥಿನ್ನರ್ ಮತ್ತು ಅಸಿಟೋನ್ ಬೇಡ, ಏಕೆಂದರೆ ಅವು ಅಂಟಿನೊಂದಿಗೆ ಬಣ್ಣವನ್ನೂ, ಅದರಲ್ಲೂ ಮರುಬಣ್ಣವನ್ನು, ಮೆತ್ತಗಾಗಿಸುತ್ತವೆ. ನಂತರ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒಮ್ಮೆ ಒರೆಸಿದರೆ ಎಣ್ಣೆಯ ಪಸೆ ಹೋಗಿ ನಿಜವಾದ ಮೇಲ್ಮೈ ಕಾಣುತ್ತದೆ.

ಆಗಲೇ ಅಕ್ಷರಗಳ ನೆರಳು ಗೋಚರಿಸುವುದು. ಇದರಲ್ಲಿ ಎರಡು ಬಗೆ. ಅಂಚಿನಲ್ಲಿ ಕೂತ ಕೊಳೆಯ ಗೆರೆಯಾದರೆ ಕ್ಲೇ ಬಾರ್ (ಮೇಲ್ಮೈಗೆ ಅಂಟಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆಯ ತುಂಡು) ಮತ್ತು ಪಾಲಿಶ್‌ನಿಂದ ಹೋಗುತ್ತದೆ. ಇನ್ನೊಂದು, ವರ್ಷಗಳ ಬಿಸಿಲಿಗೆ ಸುತ್ತಲಿನ ಬಣ್ಣ ಮಂಕಾಗಿ, ಮುಚ್ಚಿಟ್ಟಿದ್ದ ಭಾಗ ಮಾತ್ರ ಹೊಸದರಂತೆ ಉಳಿದಿರುವುದು. ಇಲ್ಲಿ ಪಾಲಿಶ್ ಮಾಡಬೇಕಾದದ್ದು ಸುತ್ತಲಿನ ಭಾಗವನ್ನು. ಪ್ರತಿ ಸುತ್ತಿಗೂ ಕ್ಲಿಯರ್ ಕೋಟ್ ಕೊಂಚ ಸವೆಯುವುದರಿಂದ, ಎರಡು ಮೂರು ಸುತ್ತಿನ ನಂತರವೂ ನೆರಳು ಮಾಸದಿದ್ದರೆ ನಿಲ್ಲಿಸುವುದೇ ವಿವೇಕ. ಮಂಕು ಕ್ಲಿಯರ್ ಕೋಟಿನ ಕೆಳಗಿನ ಬಣ್ಣದವರೆಗೂ ಇಳಿದಿದ್ದರೆ ಎಷ್ಟು ಉಜ್ಜಿದರೂ ಆ ಹೆಸರು ಓರೆ ಬೆಳಕಿನಲ್ಲಿ ಓದಲು ಸಿಗುತ್ತಲೇ ಇರುತ್ತದೆ. ಬಹಳ ಹಳೆಯ ಕಾರಿನ ಕಡುಬಣ್ಣದ ಡಿಕ್ಕಿಯಲ್ಲಿ ಕೆಲಸಕ್ಕೆ ಇಳಿಯುವ ಮುನ್ನವೇ ಈ ಸಾಧ್ಯತೆಯನ್ನು ಮಾಲೀಕರಿಗೆ ತಿಳಿಸಿಬಿಡಬೇಕು. ಪಾಲಿಶ್ ಒಪ್ಪಿತವಾಗಿ ಮುಗಿದರೆ, ಬೆತ್ತಲಾದ ಆ ಜಾಗಕ್ಕೆ ಒಂದು ಪದರ ಮೇಣ ಹಚ್ಚಿ ಬಿಡಬಹುದು.