ಅಂಡಾಕಾರದ ಚೆಂಡು ಮತ್ತು ವಾರದ ಭವಿಷ್ಯ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಅನೇಕ ಕಚೇರಿಗಳಲ್ಲಿ ವಾರಕ್ಕೊಮ್ಮೆ ಒಂದು ಪಟ್ಟಿ ಸುತ್ತತೊಡಗುತ್ತದೆ. ಅಂಡಾಕಾರದ ಚೆಂಡಿನಿಂದ ಆಡುವ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳೂ ಕಣಕ್ಕಿಳಿಯುವ ವಾರವಾದರೆ ಅದರಲ್ಲಿ 16 ಪಂದ್ಯಗಳಿರುತ್ತವೆ. ಪ್ರತಿ ಪಂದ್ಯದಲ್ಲಿ ಗೆಲ್ಲುವ ತಂಡವನ್ನು ಗುರುತಿಸಿದರೆ ಸಾಲದು; ಅತ್ಯಂತ ಭರವಸೆಯ ಊಹೆಗೆ 16 ಅಂಕ, ತೀರಾ ಅಳುಕಿನದಕ್ಕೆ 1 ಅಂಕ ಎಂದು ನಂಬಿಕೆಯನ್ನೂ ಅಳೆದು ಹಂಚಬೇಕು. ಈ ಎರಡನೆಯ ಕೆಲಸವೇ ನನಗೆ ಅತ್ಯಂತ ಪ್ರಿಯವಾದದ್ದು. ಏಕೆಂದರೆ ‘ಯಾರು ಗೆಲ್ಲುತ್ತಾರೆ’ ಎಂಬುದು ಜ್ಯೋತಿಷಿಗೆ ಕೇಳುವ ಪ್ರಶ್ನೆ, ‘ಎಷ್ಟು ನಂಬುತ್ತೀರಿ’ ಎಂಬುದು ವಿಜ್ಞಾನಿಗೆ ಕೇಳುವ ಪ್ರಶ್ನೆ.

ಬಾಜಿ ಕಟ್ಟುವವರ ಒಟ್ಟು ಅಭಿಪ್ರಾಯ ಯಾವ ತಂಡವನ್ನು ಫೇವರಿಟ್ ಎಂದು ಮುಂದಿಡುತ್ತದೋ ಆ ತಂಡ ಗೆಲ್ಲುವುದು ಸುಮಾರು ಮೂರರಲ್ಲಿ ಎರಡು ಸಲ ಮಾತ್ರ. ಅದೇ ದರದಲ್ಲಿ ಊಹಿಸುವವರಿಗೆ 16ರಲ್ಲಿ 10 ಅಥವಾ 11 ಸರಿಹೋಗುತ್ತವೆ. ಹದಿನಾರೂ ಸರಿಯಾಗುವ ವಾರ 650ಕ್ಕೆ ಒಂದು ಬಂದರೆ ಹೆಚ್ಚು. ಇನ್ನೊಂದು ಕಡೆ, ಆಟದ ಗಂಧಗಾಳಿಯಿಲ್ಲದ 100 ಮಂದಿ ನಾಣ್ಯ ಚಿಮ್ಮಿಯೇ ಪಟ್ಟಿ ತುಂಬಿದರೂ ಅವರಲ್ಲಿ ಸುಮಾರು ನಾಲ್ವರಿಗೆ 12 ಅಥವಾ ಅದಕ್ಕಿಂತ ಹೆಚ್ಚು ಊಹೆಗಳು ಸರಿಹೊಂದುತ್ತವೆ. ಆ ನಾಲ್ವರಲ್ಲಿ ಒಬ್ಬರು ಸೋಮವಾರ ಬೆಳಿಗ್ಗೆ ಪಂಡಿತರೆನಿಸಿಕೊಳ್ಳುತ್ತಾರೆ ಎಂಬುದೇ ನನ್ನ ಆತಂಕ.

ಇಷ್ಟೊಂದು ಅನಿಶ್ಚಿತತೆ ಬರುವುದೆಲ್ಲಿಂದ? ಒಂದು ಕಾರಣ ಋತುವಿನ ಗಾತ್ರ. ಅಮೆರಿಕದ ಬೇಸ್‌ಬಾಲ್ ತಂಡವೊಂದು ಋತುವಿಗೆ 162 ಪಂದ್ಯ ಆಡಿದರೆ ಫುಟ್‌ಬಾಲ್ ತಂಡ ಆಡುವುದು 17 ಮಾತ್ರ, ಹಾಗಾಗಿ ತಂಡದ ನಿಜವಾದ ಬಲ ತಿಳಿಯುವಷ್ಟರಲ್ಲಿ ಋತುವೇ ಮುಗಿದಿರುತ್ತದೆ. ಇನ್ನೊಂದು ಕಾರಣ ಚೆಂಡೇ. ಸುಮಾರು 11 ಅಂಗುಲ ಉದ್ದದ, ಎರಡು ತುದಿಯೂ ಚೂಪಾದ ಆ ಚರ್ಮದ ಚೆಂಡು ಆಟಗಾರನ ಕೈಜಾರಿ ನೆಲಕ್ಕೆ ಬಿದ್ದಾಗ ಏನಾಗುತ್ತದೆಂದು ನೋಡಿ. ದುಂಡು ಚೆಂಡು ಬಿದ್ದ ದಿಕ್ಕಿನಲ್ಲೇ ಪುಟಿಯುತ್ತದೆ. ಇದು ಮೂತಿಯ ಮೇಲೆ ಬಿದ್ದರೆ ಒಂದು ಕಡೆ, ಹೊಟ್ಟೆಯ ಮೇಲೆ ಬಿದ್ದರೆ ಇನ್ನೊಂದು ಕಡೆ ಹಾರುತ್ತದೆ, ಬೀಳುವ ಕೋನ ಕೂದಲೆಳೆಯಷ್ಟು ಬದಲಾದರೂ ದಾರಿ ಪೂರಾ ಬದಲಾಗುತ್ತದೆ. ಅಂಥ ಚೆಂಡು ಯಾರ ಕೈ ಸೇರುತ್ತದೆಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆಯೇ. ಎದುರಾಳಿಯ ಕೈಯಿಂದ ಚೆಂಡು ಕೆಡವುವುದು ಕೌಶಲ, ಕೆಡವಿದ್ದು ತನಗೇ ಸಿಗುವುದು ಬಹುಮಟ್ಟಿಗೆ ಅದೃಷ್ಟ. ಆದರೂ ಆ ಒಂದು ಪುಟಿತಕ್ಕೆ ಪಂದ್ಯವೇ ತಿರುಗಿಬಿಡಬಹುದು.

ಈ ಗೊಂದಲಕ್ಕೂ ಒಂದು ಅಳತೆಯಿದೆ. ಸಂಖ್ಯಾಶಾಸ್ತ್ರಜ್ಞ ಹಾಲ್ ಸ್ಟರ್ನ್ 1991ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಾಜಿಗಾರರು ನಿರೀಕ್ಷಿಸಿದ ಗೆಲುವಿನ ಅಂತರಕ್ಕೂ ನಿಜವಾದ ಅಂತರಕ್ಕೂ ಇರುವ ವ್ಯತ್ಯಾಸ ಗಂಟೆಯಾಕಾರದ ವಕ್ರರೇಖೆಯಂತೆ ಹರಡಿದೆ, ಅದರ ಮಾನಕ ವಿಚಲನೆ (ಸರಾಸರಿಯಿಂದ ಫಲಿತಾಂಶಗಳು ಸಾಮಾನ್ಯವಾಗಿ ಎಷ್ಟು ದೂರ ಚದುರುತ್ತವೆ ಎಂಬ ಅಳತೆ) 14 ಅಂಕಗಳಿಗೆ ತುಸು ಕಡಿಮೆ ಎಂದು ತೋರಿಸಿದರು. ಈ ಅಳತೆ ಹಿಡಿದರೆ, 3 ಅಂಕದಿಂದ ಗೆಲ್ಲಬೇಕೆಂದು ಎಣಿಸಿದ ತಂಡಕ್ಕೆ ನಿಜವಾಗಿ ಗೆಲ್ಲುವ ಅವಕಾಶ ಶೇ 59ರಷ್ಟು, 7 ಅಂಕದ ತಂಡಕ್ಕೆ ಶೇ 69ರಷ್ಟು. 2008ರ ಫೆಬ್ರುವರಿಯ ಸೂಪರ್ ಬೌಲ್‌ಗೆ, ಅಂದರೆ ಋತುವಿನ ಅಂತಿಮ ಪಂದ್ಯಕ್ಕೆ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಬಂದದ್ದು 18 ಪಂದ್ಯಗಳನ್ನು ಸತತವಾಗಿ ಗೆದ್ದು, ಸುಮಾರು 12 ಅಂಕಗಳ ಫೇವರಿಟ್ ಆಗಿ. ಕೊನೆಯ ನಿಮಿಷಗಳಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಡೇವಿಡ್ ಟೈರೀ ಮೇಲಕ್ಕೆ ನೆಗೆದು, ಚೆಂಡನ್ನು ಒಂದು ಅಂಗೈಯಿಂದ ತನ್ನ ಹೆಲ್ಮೆಟ್‌ಗೆ ಒತ್ತಿಹಿಡಿದುಕೊಂಡೇ ನೆಲಕ್ಕೆ ಬಿದ್ದರು. ಜೈಂಟ್ಸ್ 17-14ರಿಂದ ಗೆದ್ದಿತು. ಜನ ಇದನ್ನು ಪವಾಡವೆಂದರು. ಸ್ಟರ್ನ್ ಲೆಕ್ಕದಲ್ಲಿ ಜೈಂಟ್ಸ್ ಗೆಲ್ಲುವ ಸಂಭವ ಶೇ 19. ಅಂದರೆ ಇಂಥ ಐದು ಪಂದ್ಯಗಳಲ್ಲಿ ಒಂದು ಹೀಗೆಯೇ ಆಗಬೇಕು.

ತಂಡಗಳ ಬಲಕ್ಕೆ ಸಂಖ್ಯೆ ಕೊಡುವ ಸೊಗಸಾದ ವಿಧಾನವೊಂದು ಬಂದದ್ದು ಚದುರಂಗದಿಂದ. ಹಂಗೇರಿಯಲ್ಲಿ ಹುಟ್ಟಿ, ಮಿಲ್ವಾಕೀ ನಗರದ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಏಲೋ ಅವರ ವಿಧಾನವನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲೂ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ 1970ರಲ್ಲೂ ಅಂಗೀಕರಿಸಿದವು. ಈ ವಿಧಾನವನ್ನು ತೂಬಿನಿಂದ ಜೋಡಿಸಿದ ಎರಡು ಕೆರೆಗಳೆಂದು ಭಾವಿಸಿ: ಪಂದ್ಯ ಮುಗಿದಾಗ ತೂಬು ತೆರೆದು ಸೋತವರ ಕೆರೆಯಿಂದ ಗೆದ್ದವರ ಕೆರೆಗೆ ನೀರು ಹರಿಯುತ್ತದೆ, ಒಟ್ಟು ನೀರು ಬದಲಾಗುವುದಿಲ್ಲ. ಅಂಗಡಿಯ ಉದ್ದರಿ ಪುಸ್ತಕದಲ್ಲಿ ಒಬ್ಬರ ಜಮೆ ಇನ್ನೊಬ್ಬರ ಖರ್ಚಾಗುವಂತೆಯೂ ನೋಡಬಹುದು. ಎಷ್ಟು ಹರಿಯಬೇಕೆಂಬುದನ್ನು ನಿರ್ಧರಿಸುವುದು ಆಶ್ಚರ್ಯದ ಪ್ರಮಾಣ. ಈ ಬಲದ ಲೆಕ್ಕದಲ್ಲಿ ಒಂದು ತಂಡ 100 ಅಂಕ ಮುಂದಿದ್ದರೆ ಅದು ಗೆಲ್ಲುವ ಸಂಭವ ಶೇ 64. ಪಣಕ್ಕಿಟ್ಟದ್ದು 20 ಅಂಕವಾದರೆ, ಗೆದ್ದಾಗ ಆ ತಂಡಕ್ಕೆ ಸಿಗುವುದು ಕೇವಲ 7.2, ಸೋತರೆ ಕಳೆದುಕೊಳ್ಳುವುದು 12.8. ಹೊಸ ಹುಡುಗ ಅಡಿಗೆ ಕೆಡಿಸಿದರೆ ಯಾರೂ ಬೆಚ್ಚುವುದಿಲ್ಲ, ಹೆಸರಾಂತ ಭಟ್ಟರು ಸಾರಿಗೆ ಉಪ್ಪು ಮರೆತರೆ ಊರೆಲ್ಲ ಸುದ್ದಿಯಾಗುತ್ತದಲ್ಲ, ಹಾಗೆ.

ತವರು ಮೈದಾನಕ್ಕೆ ಕೆಲವು ಅಂಕ ಸೇರಿಸುವುದು ರೂಢಿ. ಆದರೆ ಕೋವಿಡ್ ಕಾರಣದಿಂದ ಗ್ಯಾಲರಿಗಳು ಬಹುಪಾಲು ಖಾಲಿಯಿದ್ದ 2020ರ ಋತುವಿನಲ್ಲಿ ತವರು ತಂಡಗಳು ಗೆದ್ದದ್ದು 127, ಸೋತದ್ದು 128.

ಇಷ್ಟು ಶ್ರಮದ ಲೆಕ್ಕವನ್ನು ಬಿಟ್ಟು ಜನ ಶಕುನಗಳ ಹಿಂದೆ ಹೋಗುವುದು ನನಗೆ ನಿಜಕ್ಕೂ ನೋವಿನ ವಿಷಯ. ವಾಷಿಂಗ್ಟನ್ ತಂಡ ಅಧ್ಯಕ್ಷೀಯ ಚುನಾವಣೆಗೆ ಮುಂಚಿನ ತನ್ನ ಕೊನೆಯ ತವರು ಪಂದ್ಯವನ್ನು ಗೆದ್ದರೆ ಶ್ವೇತಭವನ ಆಳುವ ಪಕ್ಷದಲ್ಲೇ ಉಳಿಯುತ್ತದೆ, ಸೋತರೆ ಕೈತಪ್ಪುತ್ತದೆ ಎಂಬ ‘ನಿಯಮ’ 1940ರಿಂದ 2000ದವರೆಗಿನ 16 ಚುನಾವಣೆಗಳಿಗೂ ಹೊಂದಿಕೊಂಡಿತ್ತು. 2004ರಲ್ಲಿ ತಂಡ ಸೋತಿತು, ಆದರೂ ಅಧಿಕಾರದಲ್ಲಿದ್ದ ಅಧ್ಯಕ್ಷ ಬುಷ್ ಅವರೇ ಗೆದ್ದರು. ಹಳೆಯ ಫಲಿತಾಂಶಗಳ ರಾಶಿಯನ್ನು ಕೆದಕಿ ತೆಗೆದ ಹೊಂದಾಣಿಕೆ ಅದು. ಹತ್ತಾರು ತಂಡಗಳು, ನೂರಾರು ಬಗೆಯ ಪಂದ್ಯಗಳಿರುವಾಗ ಎಲ್ಲೋ ಒಂದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿಯೇ ಹೋಗುತ್ತದೆ.

ಹಾಗಾದರೆ ಒಳ್ಳೆಯ ಊಹೆಗಾರರನ್ನು ಗುರುತಿಸುವುದು ಹೇಗೆ? ಹವಾಮಾನ ಮುನ್ಸೂಚನೆಗಳಿಗಾಗಿ ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ಅಳತೆ ಇಲ್ಲಿಗೂ ಒಗ್ಗುತ್ತದೆ. ನೀವು ಹೇಳಿದ ಸಂಭವನೀಯತೆಯನ್ನು ಫಲಿತಾಂಶದಿಂದ (ಗೆದ್ದರೆ 1, ಸೋತರೆ 0) ಕಳೆದು ವರ್ಗ ಮಾಡಬೇಕು. ಬರುವ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಶೇ 70 ಎಂದ ತಂಡ ಗೆದ್ದರೆ ದಂಡ 0.09, ಸೋತರೆ 0.49. ಎಲ್ಲದಕ್ಕೂ ಶೇ 50 ಎಂದವರಿಗೆ ಪ್ರತಿ ಸಲವೂ 0.25. 2008ರ ಆ ರಾತ್ರಿ ಪೇಟ್ರಿಯಟ್ಸ್‌ಗೆ ಶೇ 81 ಎಂದು ಬರೆದವರು ತೆತ್ತದ್ದು ಸುಮಾರು 0.66, ಶೇ 100 ಎಂದು ಎದೆತಟ್ಟಿ ಹೇಳಿದವರು ತೆತ್ತದ್ದು ಪೂರ್ತಿ 1. ಋತುವಿನ 272 ಪಂದ್ಯಗಳೂ ಮುಗಿದ ಮೇಲೆ ಸರಾಸರಿ ತೆಗೆದು ನೋಡಿ, ಅದು 0.25ಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದವರ ಪಟ್ಟಿಯನ್ನು ಮುಂದಿನ ಸೆಪ್ಟೆಂಬರ್‌ನಲ್ಲಿ ಮೊದಲು ಕೇಳಿ ಪಡೆಯಬಹುದು.